ಪಾನಕಕ್ಕೆ ಹೋದ ಐಸು

೨೯ ಏಪ್ರಿಲ್ ೧೯೬೩, ಸೋಮವಾರ

ಬೆಳಗ್ಗೆಯಿಂದ ಪಾಸ್‌ಪೋರ್ಟ್ ಸೈಜು ಫೋಟೋ ಕತ್ತರಿಸಿದ್ದೇ ಕೆಲಸ. ಬೆಂಗಳೂರಿನಿಂದ ಫಿಲ್ಮ್ ರೋಲು ಮೂರೇ ಬಂದಿವೆ. ಮತ್ತೆ ಯಾವಾಗಲೋ ಗೊತ್ತಿಲ್ಲವಂತೆ. ಯುದ್ಧ ನಡೆದದ್ದು ಹಿಮಾಲಯದಲ್ಲಿ, ಬರ ಬಿದ್ದದ್ದು ಗಾಂಧಿಬಜಾರಿನ ನನ್ನ ಸ್ಟುಡಿಯೋಗೆ.

ಭದ್ರಾವತಿಯ ಲಾರಿ ಷಡಕ್ಷರಪ್ಪನವರು ಬಂದಿದ್ದರು. ಭಾನುವಾರ ಅಣ್ಣನ ಮಗಳ ಮದುವೆ. ಅಣ್ಣ ಇಲ್ಲ, ಇವರೇ ಯಜಮಾನರು. ಮನೆ ಮುಂದೆ ಚಪ್ಪರ ಹಾಕಿದರೆ ಸಾಲದಂತೆ. ಗಾಜನೂರು ಅಣೆಕಟ್ಟೆ ಪಕ್ಕದ ಮಾವಿನ ತೋಪೇ ಆಗಬೇಕಂತೆ. ಕಾರಣ, ಸೀನರಿ. ಯಾರೋ ಪುಣ್ಯಾತ್ಮ ಹುಬ್ಬಳ್ಳಿ ಕಡೆಯ ಆಲ್ಬಮ್ ತೋರಿಸಿ ಇವರ ತಲೆ ಕೆಡಿಸಿದ್ದಾನೆ.

ಮುಹೂರ್ತ ಹನ್ನೆರಡಕ್ಕೆ. ನೆತ್ತಿ ಮೇಲಿನ ಬಿಸಿಲಲ್ಲಿ ಮುಖ ಚೆನ್ನಾಗಿ ಬರುವುದಿಲ್ಲ ಎಂದು ಹೇಳಿ ನೋಡಿದೆ.

"ಬಿಸಿಲಿದ್ರೆ ತಾನೇ ಕೊಟ್ರಪ್ಪ ಫೋಟೋ ಬರೋದು? ಅಷ್ಟೂ ಗೊತ್ತಿಲ್ವಾ ನಮಗೆ?"

ಗೊತ್ತಿದೆ. ಅಷ್ಟೇ ಗೊತ್ತಿದೆ. ಅಡ್ವಾನ್ಸ್ ಇಸಿದುಕೊಂಡೆ.

೫ ಮೇ, ಭಾನುವಾರ. ಸಂಜೆ

ಬಂದೆ. ಸ್ನಾನ ಮಾಡಿದೆ. ಕತ್ತಿನ ಹಿಂದೆ ಚರ್ಮ ಸುಲಿದಿದೆ. ಹೆಂಡತಿ ಹಾಲಮ್ಮ ಹರಳೆಣ್ಣೆ ಹಚ್ಚುತ್ತಾ, ಮದುವೆಗೆ ಹೋಗಿದ್ರೋ ಇಟ್ಟಿಗೆ ಗೂಡಿಗೆ ಹೋಗಿದ್ರೋ ಎಂದು ಕೇಳಿದಳು.

ಹೋಗುವಾಗ ಮಾತ್ರ ಸುಖ. ಷಡಕ್ಷರಪ್ಪನವರ ಲಾರಿ, ಅದರಲ್ಲಿ ಐಸಿನ ಗಡ್ಡೆಗಳು — ಹೊಟ್ಟು ಸುರಿದು ಗೋಣಿ ಹೊದಿಸಿದ್ದು. ಪಾನಕಕ್ಕಂತೆ. ಊರಲ್ಲಿದ್ದ ಐಸನ್ನೆಲ್ಲ ಬಳಿದು ತಂದಿದ್ದಾರೆ. ಅದರ ಮೇಲೇ ಕೂತೆ, ಕ್ಯಾಮೆರಾ ಪೆಟ್ಟಿಗೆ ತೊಡೆ ಮೇಲೆ. ಲಾರಿಯಲ್ಲಿ ಇಷ್ಟು ತಂಪಾಗಿ ಹುಟ್ಟಿದಾರಭ್ಯ ಹೋಗಿರಲಿಲ್ಲ.

ಆಮೇಲಿನದು ಬರೆಯಲೂ ಬೇಸರ. ಮೇ ತಿಂಗಳ ತುಂಗೆ — ನೀರು ಧುಮುಕುವುದು ಎಲ್ಲಿ ಬಂತು? ಬಂಡೆ. ಬಂಡೆ ಮೇಲೆ ಯಾರದೋ ಒಗೆದ ಬಟ್ಟೆ. ಷಡಕ್ಷರಪ್ಪನವರು ಹಿಂದೆ ನೀರು ಕಾಣ್ಲಿ, ನೀರು ಕಾಣ್ಲಿ ಎನ್ನುತ್ತಲೇ ಇದ್ದರು. ಸೂರ್ಯ ನೆತ್ತಿಯಲ್ಲಿ. ಪೇಟ ಕಟ್ಟಿದವರಿಗೆ ಕಣ್ಣಿಲ್ಲ. ಮೂಗಿನ ನೆರಳು ಬಿದ್ದು ಹೆಂಗಸರಿಗೆಲ್ಲ ಮೀಸೆ. ಮದುಮಗ ಉಮಾಮಹೇಶ್ವರ ಮೇಷ್ಟ್ರು, ಸಾಧು. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗೆ ಇಳಿಯಿತು. ಒರೆಸಿಕೊಳ್ಳಿ ಎಂದರೆ ಪಾಪ, ಪೂರ್ತಿ ಒರೆಸಿಕೊಂಡುಬಿಟ್ಟರು. ಅಯ್ಯನವರು ಮಂತ್ರ ನಿಲ್ಲಿಸಿ ಮತ್ತೆ ಹಚ್ಚಿದರು.

ಮೊದಲ ರೋಲಿನ ಮುಕ್ಕಾಲು ಪಾಲು ಅತಿಥಿಯಾಗಿ ಬಂದ ತಾಲ್ಲೂಕಿನ ಅಮಲ್ದಾರರಿಗೇ ಹೋಯಿತು. ಅಮಲ್ದಾರರು ಇಳಿದದ್ದು, ಹಾರ ಹಾಕಿಸಿಕೊಂಡದ್ದು, ಷಡಕ್ಷರಪ್ಪನವರ ಹೆಗಲ ಮೇಲೆ ಕೈಯಿಟ್ಟದ್ದು. ಆ ಕೈಯಿಟ್ಟದ್ದು ಎರಡು ಸಲ. ಮೊದಲನೆಯ ಸಲ ಇವರು ಕಣ್ಣು ಮುಚ್ಚಿದ್ದರಂತೆ.

ಎರಡನೆಯ ರೋಲು ಮಾಂಗಲ್ಯಕ್ಕೆಂದೇ ಹಾಕಿದೆ. ಹಾಕಲು ನೆರಳು ಬೇಕು. ಅಡುಗೆ ಗುಡಾರದ ಹಿಂದೆ ಹೋದೆ. ಅಲ್ಲಿ ಹೆಣ್ಣಿನ ತಾಯಿ, ವೀರಮ್ಮನವರು. ಮಗಳಿಗೆ ತಾಳಿ ಕಟ್ಟುವ ಹೊತ್ತಿಗೆ ಬಾಳೆಎಲೆ ಒರೆಸುತ್ತಾ ಕೂತಿದ್ದಾರೆ. ಹೋಗಲ್ವಾ ಅವ್ವ ಎಂದು ಕೇಳಿದೆ, ಮುಂಡೇದು ನನ್ನ ಬಾಯಿ. ಗಂಡನಿಲ್ಲದವರು ಆ ಹೊತ್ತಿಗೆ ಎದುರು ಬರಬಾರದೆಂದು ಮೈದುನ ಹೇಳಿದ್ದಾರಂತೆ. ಕತ್ತಿನಲ್ಲಿ ಲಿಂಗ ಕಟ್ಟಿಕೊಂಡ ಮನೆಯಲ್ಲೂ ಈ ಲೆಕ್ಕ.

"ತಾಳಿ ಕಟ್ಟೋದು ಒಂದು ಚೆನ್ನಾಗಿ ತೆಗೀರಪ್ಪ," ಅಂದರು. "ನಾನು ಅದ್ರಲ್ಲೇ ನೋಡ್ಬೇಕು."

ತೆಗೆದೆ. ಚೆನ್ನಾಗಿಯೇ ತೆಗೆದೆ. ಗಂಡಿನ ಕೈ, ಹೆಣ್ಣಿನ ಬಗ್ಗಿದ ಕತ್ತು, ಮೇಲಿಂದ ಬೀಳುವ ಅಕ್ಷತೆ. ಮಾವಿನ ನೆರಳು ಅದೊಂದು ಗಳಿಗೆ ದಯೆ ತೋರಿತು.

ಪಾನಕ ಎರಡು ಲೋಟ ಕುಡಿದೆ. ಹಲ್ಲು ಜುಮ್ಮೆನ್ನುವಷ್ಟು ಐಸು. ಬಲು ಚೆನ್ನಾಗಿದೆ ಯಜಮಾನ್ರೇ ಎಂದೂ ಹೇಳಿದೆ.

೬ ಮೇ, ಸೋಮವಾರ. ಬೆಳಗ್ಗೆ ೭

ಡೆವಲಪ್ ಮಾಡಲು ಐಸು ಬೇಕು, ನೀರು ಬೆಚ್ಚಗಾದರೆ ಫಿಲ್ಮಿನ ಪದರ ನಿಲ್ಲುವುದಿಲ್ಲ. ಮೀನು ಮಾರ್ಕೆಟ್ಟಿನ ಹಿಂದಿನ ಐಸಿನ ಸಾಬರ ಹತ್ತಿರ ಹೋದರೆ ಅಂಗಡಿಯಲ್ಲಿ ಬರೀ ಹೊಟ್ಟು. "ನೆನ್ನೆ ಶಾದಿಗೆ ಪೂರಾ ಎತ್ಕೊಂಡು ಹೋದ್ರಲ್ಲ ಕೊಟ್ರಪ್ಪಣ್ಣ. ನೀವೇ ಅದರ ಮೇಲೆ ಕೂತ್ಕೊಂಡು ಹೋಗಿದ್ದು ನಾನು ನೋಡ್ದೆ." ಇನ್ನು ಬುಧವಾರಕ್ಕಂತೆ.

ನಿಜ. ನನ್ನ ಕೆಲಸದ ಐಸಿನ ಮೇಲೆ ನಾನೇ ಕೂತು ಹೋದೆ. ನಾನೇ ಕುಡಿದೆ. ಹೊಗಳಿ ಕುಡಿದೆ.

ಬುಧವಾರದವರೆಗೆ ಕಾಯಬಹುದಿತ್ತು. ಆದರೆ ಷಡಕ್ಷರಪ್ಪನವರ ಡ್ರೈವರ್ ಬಾಗಿಲಲ್ಲಿ ಕೂತಿದ್ದಾನೆ. ಅಮಲ್ದಾರರಿಗೆ ವರ್ಗವಾಗಿದೆಯಂತೆ, ಇವತ್ತೇ ಹೊರಡುತ್ತಾರಂತೆ, ಹೊರಡುವ ಮೊದಲು ಹೆಗಲ ಮೇಲಿನ ಕೈ ಅವರ ಕೈಗೆ ಸೇರಬೇಕಂತೆ.

ಬಾವಿ ನೀರು ರಾತ್ರಿಯೇ ಸೇದಿ ಹೂಜಿಗಳಲ್ಲಿಟ್ಟು ಒದ್ದೆ ಬಟ್ಟೆ ಸುತ್ತಿದ್ದೆ, ಯಾವುದಕ್ಕೂ ಇರಲಿ ಎಂದು. ಮೊದಲ ರೋಲು ಅದರಲ್ಲೇ ಮಾಡಿದೆ. ಬಂತು. ಅಮಲ್ದಾರರು ಹಲ್ಲಿನ ಸಮೇತ ಬಂದಿದ್ದಾರೆ.

ಒಂದು ಬಂದಮೇಲೆ ಇನ್ನೊಂದೂ ಬರುತ್ತದೆ.

ಅದೇ ದಿನ, ಮಧ್ಯಾಹ್ನ

ಬರಲಿಲ್ಲ.

ಹೊತ್ತೇರಿತ್ತು. ಮೇಲೆ ಹೆಂಚು, ಒಳಗೆ ಕತ್ತಲ ಕೋಣೆ, ಹೂಜಿಯ ನೀರು ಮುಗಿದು ಬಿಸಿಲಿಗೆ ಕಾದ ತೊಟ್ಟಿಯ ನೀರು. ಬೆರಳಿಗೇ ಬೆಚ್ಚಗಿತ್ತು. ಬೆರಳು ಹೇಳಿತು, ನಾನು ಕೇಳಲಿಲ್ಲ. ತೊಳೆಯಲು ಎತ್ತಿದೆ — ಫಿಲ್ಮಿನ ಮೇಲಿನ ಪದರ ಹಾಲಿನ ಕೆನೆಯ ಹಾಗೆ ಸರಿಯಿತು. ಹಿಡಿಯಲು ಹೋದೆ, ಸುಕ್ಕುಗಟ್ಟಿತು. ಕೈಯಲ್ಲಿ ಉಳಿದದ್ದು ಬರೀ ಗಾಜಿನಂಥ ಪಟ್ಟಿ. ಗಂಡು, ಹೆಣ್ಣು, ಅಯ್ಯನವರು, ಅಕ್ಷತೆ, ತಾಳಿ — ಎಲ್ಲ ಟ್ರೇಯ ತಳದಲ್ಲಿ ಕರೀ ಗಸಿ.

ಸ್ಟುಡಿಯೋಗೆ ಮುಂಚೆ ಭದ್ರಾವತಿ ಕಾರ್ಖಾನೆಯಲ್ಲಿ ಇದ್ದಿಲು ಹೊತ್ತವನು ನಾನು. ಕತ್ತಲು, ಕರಿ, ಕಾವು ಮೂರೂ ಹೊಸದಲ್ಲ. ಆದರೂ ಆ ಗಸಿ ಚೆಲ್ಲಲು ಟ್ರೇಯನ್ನು ಮೂರು ಸಲ ಎತ್ತಿ ಮೂರು ಸಲ ಕೆಳಗಿಟ್ಟೆ.

೭ ಮೇ, ಮಂಗಳವಾರ

ಷಡಕ್ಷರಪ್ಪನವರೇ ಬಂದರು. ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡು ಹೇಳಿದೆ. ಮಾಂಗಲ್ಯದ ರೋಲು ಪೂರ್ತಿ ಹೋಗಿದೆ, ತಪ್ಪು ನನ್ನದು, ಆ ದುಡ್ಡು ಬಿಡುತ್ತೇನೆ ಎಂದೆ.

"ಹೋದ್ರೆ ಹೋಯ್ತು ಬಿಡು ಮಾರಾಯ. ತಾಳಿ ಕಟ್ಟೋದು ಎಲ್ಲಾ ಮದ್ವೇಲೂ ಒಂದೇ. ಅಮಲ್ದಾರ್ರದ್ದು ದೊಡ್ಡ ಸೈಜು ಇನ್ನೊಂದು ಹಾಕು, ಪಡಸಾಲೆ ಗೋಡೆಗೆ ಬೇಕು."

ಬೈದಿದ್ದರೆ ಚೆನ್ನಾಗಿತ್ತು.

ವೀರಮ್ಮನವರಿಗೆ ಹೇಳಿದ್ದೀರಾ ಎಂದು ಕೇಳಿದೆ. ಅವರಿಗೆ ಯಾಕೆ ಹೇಳಬೇಕು ಎಂಬಂತೆ ನೋಡಿದರು. ಫ್ರೇಮಿಗೆ ಚಿನ್ನದ ಬಣ್ಣ ಇರಲಿ, ಹದಿನಾಲ್ಕು ಕ್ಯಾರೆಟ್ಟಿನದಲ್ಲ ಎಂದು ಜೋಕು ಹೇಳಿ ಹೋದರು. ಹದಿನಾಲ್ಕು ಕ್ಯಾರೆಟ್ ಮೀರಿ ಒಡವೆ ಮಾಡಬಾರದೆಂಬ ಗೋಲ್ಡ್ ಕಂಟ್ರೋಲ್ ಬಂದಾಗಿನಿಂದ ಊರಿಗೆಲ್ಲ ಅದೊಂದೇ ಜೋಕು.

೮ ಮೇ, ಬುಧವಾರ

ಹೊಸ ಜೋಡಿ ಬಂತು, ಕೂತು ತೆಗೆಸಿಕೊಳ್ಳಲು. ಮೂರನೆಯ ರೋಲು ಕ್ಯಾಮೆರಾದಲ್ಲೇ ಇತ್ತು. ಮದುವೆ ಊಟದ ಪಂಕ್ತಿ ತೆಗೆದ ಮೇಲೆ ಅದರಲ್ಲಿ ಎರಡು ಫ್ರೇಮ್ ಉಳಿದಿದ್ದವು. ಒಂದು ಜೋಡಿಗೆ ಹೋಯಿತು. ಉಳಿದದ್ದು ಒಂದೇ, ಊರಲ್ಲೆಲ್ಲೂ ಫಿಲ್ಮಿಲ್ಲ.

ಹುಡುಗಿ ಜಯಶೀಲಾ ಕುರ್ಚಿಯಿಂದ ಏಳುವ ಮೊದಲೇ ಕೇಳಿದಳು, ತಾಳಿಯದ್ದು ಎಲ್ಲಿ ಎಂದು. ಹೇಳಿದೆ. ಐಸು, ಪಾನಕ, ಲಾರಿ ಎಲ್ಲ ಹೇಳಿದೆ. ಮಾತು ಬಲ್ಲವನು ನಾನು, ಮೂರು ನಿಮಿಷದ ಸಂಗತಿಯನ್ನು ಹತ್ತು ನಿಮಿಷ ಹೇಳಿದೆ. ನಗುತ್ತಾಳೆ ಎಂದುಕೊಂಡಿದ್ದೆ.

"ಅವ್ವ ದಿನಾ ಅದೊಂದೇ ಕೇಳ್ತಾಳೆ," ಅಂದಳು.

ಮೇಷ್ಟ್ರು ಕರುಣಾಳು. ಸೀರೆ ಉಟ್ಟೇ ಇದೀಯಲ್ಲ, ಇನ್ನೊಂದು ಸಲ ಕಟ್ಟಿದರಾಯಿತು ಎಂದರು.

"ಬಿಚ್ಚಿ ಬಿಚ್ಚಿ ಕಟ್ಟೋಕೆ ಇದೇನು ಎತ್ತಿನ ಗಂಟೇನ್ರೀ?"

ಸರಿಯಾದ ಮಾತು. ಕಟ್ಟಿದ ತಾಳಿ ಬಿಚ್ಚುವುದುಂಟೇ. ನಾನೇ ಹೇಳಿದೆ — ಬಿಚ್ಚುವುದು ಬೇಡ, ಗಂಟು ಇದ್ದಲ್ಲೇ ಇರಲಿ. ಅದರ ಮೇಲೆ ಬೆರಳಿಟ್ಟು ನಿಂತರೆ ಸಾಕು, ಕಟ್ಟುತ್ತಿದ್ದಾರೋ ಹಿಡಿದಿದ್ದಾರೋ ಫೋಟೋಗೆ ತಿಳಿಯುವುದಿಲ್ಲ. ಹುಡುಗಿ ಯೋಚಿಸಿದಳು. ಭಾನುವಾರ ಬರ್ತೀವಿ, ಅವ್ವನ್ನೂ ಕರ್ಕೊಂಡು ಬರ್ತೀನಿ, ಚಿಕ್ಕಪ್ಪನಿಗೆ ಹೇಳ್ಬೇಡಿ ಎಂದಳು.

ಇರುವುದು ಒಂದು ಫ್ರೇಮ್. ಬೇಕಿತ್ತಾ ನನಗೆ.

೧೨ ಮೇ, ಭಾನುವಾರ. ಮಧ್ಯಾಹ್ನ

ಮೊದಲು ಐಸು. ಬೆಳಗ್ಗೆಯೇ ಹೋಗಿ ತಂದು ಹೊಟ್ಟಿನಲ್ಲಿ ಹೂತೆ. ಯಾರ ಮದುವೆಗೂ ಕೊಡಬಾರದೆಂದು ಹಾಲಮ್ಮನಿಗೂ ಹೇಳಿದೆ.

ಭದ್ರಾವತಿ ಬಸ್ಸಿಗೆ ಮೂವರೂ ಬಂದರು. ಗಂಡು ಹೆಣ್ಣು ಒಳಗೆ. ವೀರಮ್ಮನವರು ಹೊರಗಿನ ಬೆಂಚಿನಲ್ಲಿ. ಒಳಗೆ ಬನ್ನಿ ಅವ್ವ ಎಂದರೆ, ನೀವು ತೆಗೀರಪ್ಪ, ಆಮೇಲೆ ನೋಡ್ತೀನಿ ಎನ್ನುತ್ತಾರೆ. ಇಲ್ಲಿ ಮೈದುನನಿಲ್ಲ, ಬೀಗರಿಲ್ಲ, ಅಯ್ಯನವರಿಲ್ಲ. ಹೇಳಿದೆ. ಮಗಳು ಹೇಳಿದಳು. ಅಳಿಯ ಹೇಳಿದರು. ಊಹೂಂ. ಮಗಳಿಗೆ ಏನಾದ್ರೂ ಆದ್ರೆ ನಾನು ಬಂದದ್ದಕ್ಕೇ ಆಯ್ತು ಅಂತಾರೆ ಎಂದು ಸೆರಗು ಬಿಗಿ ಮಾಡಿಕೊಂಡರು.

ರೇಗಿತು. ಸೆಕೆ, ಒಂದೇ ಫ್ರೇಮ್, ಅತ್ತ ಕರಗುವ ಐಸು, ಇತ್ತ ಈಯಮ್ಮ. ಒಳಗೆ ಹೋಗಿ ದೊಡ್ಡ ದೀಪಗಳೆರಡನ್ನೂ ಆರಿಸಿಬಿಟ್ಟೆ. ಹೊರಗೆ ಬಂದು ಕರೆಂಟ್ ಹೋಯಿತು ಎಂದೆ. ಗಾಜಿನ ಹೆಂಚಿನಿಂದ ಬರುವ ಬೆಳಕು ಸಾಲುವುದಿಲ್ಲ, ಎದುರಿಂದ ಯಾರಾದರೂ ಬಿಳೀ ಪಂಚೆ ಹಿಡಿದು ಮುಖಕ್ಕೆ ಬೆಳಕು ತಿರುಗಿಸಬೇಕು, ನನ್ನ ಹೆಂಡತಿಗೆ ಒಲೆ ಮೇಲೆ ಸಾರಿದೆ, ಹಿಡಿಯುವವರಿಲ್ಲದಿದ್ದರೆ ಫೋಟೋ ಇಲ್ಲ.

ಎದುರು ಬರುವುದಲ್ಲ, ಇದು ಕೆಲಸ. ಕೆಲಸವೆಂದರೆ ಎದ್ದರು.

ಪಂಚೆಯ ಎರಡು ತುದಿ ಎರಡು ಕೈಗೆ ಕೊಟ್ಟೆ. ಅದರ ಹಿಂದೆ ಮುಖ ಮರೆಮಾಡಿ ನಿಂತರು. ಹಾಗಲ್ಲ ಅವ್ವ, ಕೆಳಗೆ ಹಿಡೀರಿ, ಎದೆಮಟ್ಟ, ಎಂದೆ. ಇನ್ನೂ ಹತ್ತಿರ ಎಂದೆ.

"ಇಷ್ಟು ಸಾಕೇನಪ್ಪ?"

"ಇನ್ನೂ."

"ನೆರಳು ಬೀಳಲ್ವಾ ನಂದು?"

"ಬೆಳಕು ಬೀಳ್ತಾ ಇದೆ ಅವ್ವ. ಬನ್ನಿ."

ಮೊಳದ ದೂರಕ್ಕೆ ಬಂದರು. ಬೆಳಕಿಗೆ ಅಷ್ಟು ಹತ್ತಿರ ಬೇಕಿರಲಿಲ್ಲ. ಮೇಷ್ಟ್ರು ಹಿಂದಿನಿಂದ ಗಂಟಿನ ಮೇಲೆ ಬೆರಳಿಟ್ಟರು. ಹುಡುಗಿ ಕತ್ತು ಬಗ್ಗಿಸಿದಳು. ಬೆಳಕು ಬಂಗಾರ. ಗಾಜನೂರಿನಲ್ಲೂ ಹಾಗೆ ಬಂದಿರಲಿಲ್ಲ. ಅಲುಗಬೇಡಿ, ಯಾರೂ ಅಲುಗಬೇಡಿ ಎಂದು ಹೇಳಿ ಬೆರಳು ಒತ್ತುವ ಹೊತ್ತಿಗೆ —

ಪಂಚೆ ಕೈಬಿಟ್ಟರು. ಎರಡೂ ತುದಿ. ಸೆರಗಿನ ಗಂಟು ಬಿಚ್ಚಿದರು. ಅದರಲ್ಲಿ ಅಕ್ಷತೆ. ಅವತ್ತಿನದೇ. ತೋಪಿನಲ್ಲಿ ಎಲ್ಲರ ಕೈಗೂ ಹಂಚಿದಾಗ ಇವರ ಕೈಗೂ ಯಾರೋ ಹಾಕಿದ್ದರಂತೆ. ಎದುರು ಹೋಗದೆ ಎಲ್ಲಿಂದ ಹಾಕುವುದು, ಕಟ್ಟಿಟ್ಟುಕೊಂಡಿದ್ದರು. ಎರಡೂ ಕೈ ತುಂಬ ಮಗಳ ತಲೆಯ ಮೇಲೆ, ಅಳಿಯನ ತಲೆಯ ಮೇಲೆ.

ಆ ಗಳಿಗೆಗೇ ನನ್ನ ಬೆರಳು ಒತ್ತಿಯಾಗಿತ್ತು. ಬೆಳಕು ಹೋಯಿತು, ಹುಡುಗಿ ತಲೆಯೆತ್ತಿದಳು, ಮೇಷ್ಟ್ರು ಬೆದರಿದರು. ಇದ್ದದ್ದೊಂದು ಫ್ರೇಮ್. ಅಲುಗಬೇಡಿ ಎಂದು ಕನ್ನಡದಲ್ಲಿ ತಾನೇ ಹೇಳಿದ್ದು? ಬೈಯಬೇಕೆಂದು ಬಾಯಿ ತೆರೆದೆ. ಒಂದು ಕಾಳು ಸೀದಾ ನನ್ನ ಬಾಯಿಗೇ ಬಿತ್ತು. ಅರಿಶಿನದ ಕಹಿ. ಉಗುಳುವ ಹಾಗಿಲ್ಲ, ನುಂಗಿದೆ.

ಅದೇ ದಿನ, ೩ ಗಂಟೆ

ನೀರು ತಣ್ಣಗಿದೆ. ಈ ಸಲ ಬೆರಳು ಹೇಳಿದ್ದನ್ನು ಕೇಳುತ್ತಿದ್ದೇನೆ.

ಫೋಟೋ ಬರುವುದು ಅನುಮಾನ, ಬಂದರೂ ಅರ್ಧ ಕತ್ತಲೆ, ಎಂದು ಹೊರಗೆ ಹೋಗಿ ಹೇಳಿ ಬಂದೆ. ಬಸ್ಸಿಗೆ ಹೊತ್ತಾಗುತ್ತದೆ, ಬಂದರೆ ಕಳಿಸುತ್ತೇನೆ ಎಂದೂ ಹೇಳಿದೆ. ವೀರಮ್ಮನವರು ಕೇಳಿಸಿಕೊಂಡರೋ ಇಲ್ಲವೋ. ಬೆಂಚಿನ ಮೇಲೆ ತಾವು ಕೂತು, ಮಗಳನ್ನು ಕೆಳಗೆ ಕೂರಿಸಿಕೊಂಡು ಕೂದಲಿನಿಂದ ಕಾಳು ಹೆಕ್ಕುತ್ತಿದ್ದಾರೆ. ಹೆಕ್ಕಿದ್ದನ್ನು ಮತ್ತೆ ತಲೆಯ ಮೇಲೇ ಹಾಕುತ್ತಿದ್ದಾರೆ. ಹೀಗಾದರೆ ಆ ಬಸ್ಸೂ ಇಲ್ಲ, ಮುಂದಿನದೂ ಇಲ್ಲ.

ಹಾಲಮ್ಮ ಬಂದಿದ್ದಳು. ಅವರಿಗೆ ಬಿಸಿಲಾಗಿದೆ, ಒಂದು ಲೋಟ ಪಾನಕ ಮಾಡ್ತೀನಿ, ಚೂರು ಐಸು ಕೊಡಿ ಅಂತ. ರೋಲು ಇನ್ನೂ ನೀರಿಗೆ ಇಳಿದಿಲ್ಲ. ಐಸು ಇರುವುದೇ ಇಷ್ಟು. ಕೊಡುವುದಿಲ್ಲ ಎಂದೆ.

ಹೋದಳು. ಎದ್ದು ಸುತ್ತಿಗೆ ಹುಡುಕಿ ದೊಡ್ಡದೊಂದು ತುಂಡು ಒಡೆದು ಪಾನಕಕ್ಕೆ ಕೊಟ್ಟು ಬಂದೆ. ಉಳಿದದ್ದು ರೋಲಿಗೆ.