ಪರದೆಯ ನಡುವಿನ ಮಸಕು

ನಾಶಿಕ ರೋಡ್
ಗುರುವಾರ, 19 ಜೂನ್ 2014

ಪ್ರೀತಿಯ ವಿಶಾಲಣ್ಣನಿಗೆ,

ನಿನ್ನ ತಂಗಿ ಮೈತ್ರೇಯಿಯ ನಮಸ್ಕಾರ. ಅಪ್ಪ, ಅವ್ವ ಆರಾಮಾಗಿದ್ದಾರೆ. ನೀನು ಮಾತ್ರ ಈಗ ಸಿಟ್ಟಿನಲ್ಲಿದ್ದೀ. ಪೆಟ್ಟಿಗೆಯ ಟೇಪು ಹರಿದು, ಥರ್ಮಾಕೋಲ್ ಎತ್ತಿದರೆ ಗ್ರಾಫಿಕ್ಸ್ ಕಾರ್ಡಿನ ಬದಲು ಈ ಹಾಳೆಗಳು ಸಿಕ್ಕಿವೆ. ಖಾಲಿ ಪೆಟ್ಟಿಗೆಯನ್ನು ಅತುಲ್ ಅಂಗಡಿಯಿಂದ ಕೇಳಿ ತಂದೆ. ಲಕೋಟೆಯಲ್ಲಿ ಕಳಿಸಿದ್ದರೆ ನೀನು ಆಮೇಲೆ ಓದಿದರಾಯಿತೆಂದು ಫ್ರಿಜ್ಜಿನ ಮೇಲೆ ಇಟ್ಟುಬಿಡುತ್ತಿದ್ದೆ. ಬೈಯುವುದಿದ್ದರೆ ಕೊನೆಯ ಹಾಳೆಯವರೆಗೆ ತಡೆದುಕೊ.

ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನುತ್ತೀ. ಸೋಮವಾರದಿಂದ ಮೂರು ಸಲ ಹೇಳಲು ಹೊರಟೆ. ಮೂರು ಸಲವೂ ನೀನು "ಏನವಾ ಪಂಡಿತಿ, ಕಾರ್ಡ್ ಎಲ್ಲೀತನಕ ಬಂತು?" ಎಂದು ನಕ್ಕೆ. ನೀನು ನಕ್ಕರೆ ನಾನು ಬೇರೆ ಮಾತು ತೆಗೆದುಬಿಡುತ್ತೇನೆ. ಸಾಹಿತ್ಯ ಓದಿ ಬಿ.ಎ. ಮುಗಿಸಿ ವರ್ಷವಾಯಿತು, ಆದರೂ ಬರೆದಷ್ಟು ಧೈರ್ಯವಾಗಿ ಮಾತಾಡಲು ನನಗೆ ಬಂದಿಲ್ಲ.

ಏಪ್ರಿಲ್‌ನಲ್ಲಿ ನೀನು ಮೊದಲು ಕೇಳಿದಾಗ ಅದು ಬರೀ ಆಸೆಯಾಗಿತ್ತು. ಔರಂಗಾಬಾದಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಒಬ್ಬನೇ ಇರುವ ಗೂಡ್ಸ್ ಗಾಡಿಯ ಚಾಲಕನಿಗೆ ರಜೆಯ ದಿನ ಒಂದು ಆಟ ಬೇಡವೇ? ಕಂಪ್ಯೂಟರಿನಲ್ಲಿ ಹೊಸ ಆಟ ತಡವರಿಸುತ್ತದೆ, ಚಿತ್ರ ಮೂಡಿಸುವ ಕಾರ್ಡ್ ಬದಲಿಸಬೇಕು, ನಾಶಿಕದಲ್ಲಿ ವಿಚಾರಿಸು ಎಂದೆ. ನನಗೂ ಖುಷಿಯಾಯಿತು. ಅಣ್ಣ ನನ್ನನ್ನು ನಂಬಿ ಒಂದು ಯಂತ್ರದ ಕೆಲಸ ಹೇಳಿದ್ದು ಅದೇ ಮೊದಲು. ಕೆನಡಾ ಕಾರ್ನರ್‌ನಲ್ಲಿರುವ ಅತುಲ್‌ನ ಕಂಪ್ಯೂಟರ್ ಅಂಗಡಿಗೆ ನೋಟ್‌ಬುಕ್ ಹಿಡಿದು ಹೋದೆ. ಅವನು ಕೇಳಿದ ಪ್ರಶ್ನೆಗಳನ್ನೆಲ್ಲ ಬರೆದುಕೊಂಡು ನಿನ್ನನ್ನು ಕೇಳಿದೆ. ಕ್ಯಾಬಿನೆಟ್ಟಿನ ಒಳಗೆ ಎಷ್ಟು ಇಂಚು ಜಾಗವಿದೆ, ಕರೆಂಟ್ ಹಂಚುವ ಎಸ್‌ಎಂಪಿಎಸ್ ಡಬ್ಬಿ ಎಷ್ಟು ವ್ಯಾಟಿನದು, ಕಾರ್ಡಿಗೆ ಕೊಡಲು ಅದರಲ್ಲಿ ಬೇರೆ ವೈರು ಇದೆಯೇ. ವೈರು ಇರಲಿಲ್ಲ. ಹಾಗಾಗಿ ಅತುಲ್ ಏಳುನೂರ ಐವತ್ತು ಟಿಐ ಎಂಬ ಚಿಕ್ಕ ಕಾರ್ಡ್ ತೋರಿಸಿದ. ಅದಕ್ಕೆ ಬೇರೆ ವೈರು ಬೇಡ, ಹಳೆಯ ಡಬ್ಬಿಯ ಮೇಲೇ ನಡೆಯುತ್ತದೆ. ನೀನೂ ಒಪ್ಪಿದೆ.

ಮೇ ತಿಂಗಳಲ್ಲಿ ನಿನ್ನ ಮಾತು ಬದಲಾಯಿತು. ತಡವರಿಕೆಯ ಸುದ್ದಿಯೇ ಇಲ್ಲ. ಪರದೆಯ ನಡುವೆ ಬೂದು ಮಸಕು ಬರುತ್ತಿದೆ, ಗೋಡೆಯ ನೇರ ಗೆರೆಗಳು ಉಬ್ಬಿ ಡೊಂಕಾಗುತ್ತಿವೆ, "ಹಳೇ ಕಾರ್ಡ್ ಸಾಯಾಕತ್ತೇತಿ, ಲಗೂನ ನೋಡು" ಎಂದೆ. ಅತುಲ್‌ಗೆ ಹೇಳಿದೆ. ಕಾರ್ಡ್ ಕೆಟ್ಟರೆ ಬಣ್ಣದ ಚೌಕಗಳೋ ಪಟ್ಟೆಗಳೋ ಬರುತ್ತವೆ, ಬೂದು ಮಸಕು ತಾನು ಕೇಳಿಲ್ಲ, ಮೊಬೈಲಿನಿಂದ ಪರದೆಯ ಫೋಟೊ ತೆಗೆದು ಕಳಿಸಲಿ ಎಂದ. ನೀನು ಕಳಿಸಿದೆ. ಅವನು ಅದನ್ನು ದೊಡ್ಡದು ಮಾಡಿ ಮೂಲೆಮೂಲೆ ನೋಡಿ, "ಕಾಹೀಚ ನಾಹೀ, ತಾಈ" ಎಂದ. ಏನೂ ಇರಲಿಲ್ಲ. ನಡುವೆ ನಿಂತ ಬಂದೂಕಿನವನ ಬೂಟಿನ ಲೇಸು ಸಹ ಕಾಣುತ್ತಿತ್ತು.

ನಿನಗೆ ತಿಳಿಸಿದರೆ ಮೊಬೈಲ್ ಹಳೆಯದು ಎಂದೆ. ಮರುದಿನ ಟಿಐ ಬೇಡ, ಎರಡು ಫ್ಯಾನಿನ ದೊಡ್ಡ ಕಾರ್ಡೇ ಬೇಕು ಎಂದೆ. ಎಸ್‌ಎಂಪಿಎಸ್ ತಡೆಯುವುದಿಲ್ಲ ಎಂದರೆ ಅದನ್ನೂ ಹೊಸದು ತಗೋ ಎಂದೆ. ಕ್ಯಾಬಿನೆಟ್ಟಿನಲ್ಲಿ ಹಿಡಿಯುವುದಿಲ್ಲ ಎಂದರೆ ಕ್ಯಾಬಿನೆಟ್ಟನ್ನೂ ಬದಲಿಸೋಣ ಎಂದೆ. "ನಿಮ್ಮಣ್ಣ ಕಾರ್ಡ್ ಆರಿಸ್ತಿದ್ದಾನೋ, ಕಾರ್ಡ್ ಮೇಲೆ ಸಿಟ್ಟು ತೀರಿಸ್ತಿದ್ದಾನೋ?" ಎಂದು ಅತುಲ್ ನಕ್ಕ. ನಾನೂ ನಕ್ಕೆ. ಕೊನೆಗೆ ಅವನೇ ತನ್ನ ಟಿಐ ಕಾರ್ಡ್ ಬಿಚ್ಚಿಕೊಟ್ಟು, ಹಾಕಿ ನೋಡಿ ವಾಪಸು ತನ್ನಿ ಎಂದ. ಅದನ್ನೇ ಹಿಡಿದುಕೊಂಡು ಭಾನುವಾರ ನಾನು ಬಂದದ್ದು.

ಅವತ್ತು ಮಧ್ಯಾಹ್ನ ನಡೆದದ್ದು ನಿನಗೂ ಗೊತ್ತು. ಆದರೆ ನಾನು ಏನು ಕಂಡೆ ಎಂಬುದು ನಿನಗೆ ಗೊತ್ತಿಲ್ಲ.

ಅತುಲ್ ಕಲಿಸಿದಂತೆ ಮೊದಲು ಮೈಯ ಕರೆಂಟ್ ಇಳಿಯಲೆಂದು ಕ್ಯಾಬಿನೆಟ್ಟಿನ ಕಬ್ಬಿಣ ಮುಟ್ಟಿ, ಹಳೆಯ ಕಾರ್ಡ್ ಕಿತ್ತು, ಹೊಸದನ್ನು ಕೂರಿಸಿ ಸ್ಕ್ರೂ ಬಿಗಿದೆ. "ಅಬ್ಬಬ್ಬಾ, ಎಂಜಿನಿಯರ್ ಬಾಯಾರು!" ಎಂದು ನೀನು ಚಪ್ಪಾಳೆ ಹೊಡೆದೆ. ಆಟ ಶುರುವಾಯಿತು. "ಎಣ್ಣಿ ಹಾಕಿದಂಗ ಓಡಾಕತ್ತೇತಿ ನೋಡು" ಎಂದೆ. ನಿಜ, ಎಲ್ಲೂ ತಡವರಿಸಲಿಲ್ಲ. ಪರದೆಯ ತುದಿಯಲ್ಲಿ ಹಾರಿದ ಕಾಗೆಯನ್ನು ನನಗಿಂತ ಮೊದಲು ನೀನೇ ಕಂಡೆ. ಆದರೆ ನಟ್ಟನಡುವೆ, ನೀನು ಗುರಿಯಿಟ್ಟ ಮನುಷ್ಯ ನಿಂತೇ ಇದ್ದ. ಮೂರು ಗುಂಡು ಹಾರಿಸಿದೆ, ಮೂರೂ ಪಕ್ಕಕ್ಕೆ ಹೋದವು.

ಮಸಕು ಹೋಯಿತೇ ಎಂದು ನಾನು ಕೇಳಿದೆ. ನೀನು ಇಲ್ಲ ಎಂದೆ. ಎಲ್ಲಿದೆ ಎಂದು ಕೇಳಿದರೆ ಪರದೆಯ ನಡುವೆ ಬೆರಳಿಟ್ಟೆ. ಕೆಳಗಿನ ಮೂಲೆಯಲ್ಲಿರುವ ಗಡಿಯಾರ ನೋಡು, ಈಗ ಎಲ್ಲಿದೆ ಎಂದು ಮತ್ತೆ ಕೇಳಿದೆ. "ಗಡಿಯಾರದ ಮ್ಯಾಲ" ಎಂದು ಹೇಳಿದವನು ಅಲ್ಲೇ ನಿಂತೆ. ಆಮೇಲೆ ನೀನೇ ತಲೆ ತಿರುಗಿಸಿ ಗೋಡೆಯ ಕ್ಯಾಲೆಂಡರ್ ನೋಡಿದೆ. ಎಡಗಣ್ಣು ಮುಚ್ಚಿದೆ, ನಿನ್ನ ಹಣೆಯ ಗಂಟು ಸಡಿಲಾಯಿತು. ಎಡಗಣ್ಣು ತೆರೆದು ಬಲಗಣ್ಣು ಮುಚ್ಚಿದೆ, ಗಂಟು ಮತ್ತೆ ಬಿಗಿಯಿತು. ಎರಡೇ ಕ್ಷಣ. ನಾನು ಸ್ಕ್ರೂಡ್ರೈವರ್ ಒರೆಸುತ್ತಿದ್ದೇನೆ, ನಿನ್ನನ್ನು ನೋಡುತ್ತಿಲ್ಲ ಎಂದು ನೀನು ಅಂದುಕೊಂಡಿದ್ದೆ. "ದೊಡ್ಡ ಕಾರ್ಡೇ ಬೇಕು, ಮೈತ್ರಿ. ಹೋಗು, ಚಹಾ ಮಾಡು" ಎಂದೆ.

ಪರದೆಗೆ ಅಂಟಿದ ಮಸಕು ಪರದೆಯಲ್ಲೇ ಇರಬೇಕು, ಅಣ್ಣ. ಅದು ಕ್ಯಾಲೆಂಡರಿಗೆ ಬರುವುದಿಲ್ಲ.

ಹಾಲು ತರಲು ಹೊರಗೆ ಹೋದಾಗ ಹನುಮವ್ವ ಸಿಕ್ಕಳು. ಕ್ವಾರ್ಟರ್ಸಿನ ಹಿಂದೆ ಶೆಡ್ ಹಾಕಿಕೊಂಡಿರುವ ನಮ್ಮ ಕನ್ನಡ ಸೀಮೆಯ ಕೂಲಿಯವಳು, ದೌಲತಾಬಾದಿನ ಹತ್ತಿರ ಹಳಿಯ ಪಕ್ಕದ ಮೋರಿ ಕೆಲಸಕ್ಕೆ ಹೋಗುವವಳು, ನಿನ್ನ ನಲ್ಲಿಯಿಂದ ನೀರು ಒಯ್ಯುವವಳು. ಕೊಡ ಇಳಿಸಿ ನನ್ನನ್ನೇ ಕೇಳಿದಳು: "ಯಕ್ಕಾ, ನಿಮ್ಮಣ್ಣಾರಿಗೆ ನಮ್ಮ ಮ್ಯಾಲ ಏನರ ಸಿಟ್ಟೈತೇನ್ರಿ? ಮೊದಲೆಲ್ಲಾ ಗಾಡಿ ದೂರ ಇದ್ದಾಗ್ಲೇ ಸೀಟಿ ಹೊಡದು ಕೈ ಮಾಡ್ತಿದ್ರು. ಈಗ ನೆಟ್ಟಗ ನಮ್ಮನ್ನ ನೋಡಿದ್ರೂ ಕೈ ಮಾಡಂಗಿಲ್ಲ. ಸಾಹೇಬ್ರು ದೊಡ್ಡೋರಾದ್ರು ಅಂತ ನಗತೀವಿ ನಾವು." ಆಮೇಲೆ ನಗು ಬಿಟ್ಟು ಹೇಳಿದಳು: "ಮೊನ್ನಿ ಮಾತ್ರ ನಗು ಬರ್ಲಿಲ್ರಿ. ಗಾಡಿ ಮೈಮ್ಯಾಲ ಬಂದಮ್ಯಾಲ ಸೀಟಿ. ನನ್ನ ತಮ್ಮ ಅಮಸಿದ್ದ ಬುಟ್ಟಿ ಒಗದು ಮೋರಿಯೊಳಗ ಜಿಗಿದ. ಮೊಳಕಾಲ ಕೆತ್ತೇತಿ. ಹೇಳಬ್ಯಾಡ್ರಿ ಅವ್ರಿಗೆ, ಬ್ಯಾಸರ ಮಾಡ್ಕೋತಾರ."

ಹೇಳಬೇಡ ಎಂದಳು. ನಾನೂ ಹೇಳಲಿಲ್ಲ. ಚಹಾ ಮಾಡಿಕೊಟ್ಟು, ಅತುಲ್‌ನ ಕಾರ್ಡ್ ಬಿಚ್ಚಿಕೊಂಡು, ನಿನ್ನ ಹಳೆಯದನ್ನು ಕೂರಿಸಿ, ಸಂಜೆಯ ಬಸ್ ಹಿಡಿದೆ. ಅವ್ವ ಕೇಳಿದಾಗ "ಕಾರ್ಡ್ ಸರಿ ಹೊಂದಿತು" ಎಂದೆ. ಸೋಮವಾರ ನೀನು ಗಾಡಿ ತೆಗೆದುಕೊಂಡು ಹೋದೆ, ಬುಧವಾರವೂ ಹೋದೆ. ಎರಡೂ ದಿನ ನೀನು "ಮುಟ್ಟಿದೆ" ಎಂದು ಮೆಸೇಜ್ ಕಳಿಸುವವರೆಗೆ ನಾನು ಫೋನು ಕೈಯಿಂದ ಇಳಿಸಲಿಲ್ಲ. ನಿನ್ನೊಬ್ಬನ ತಪ್ಪು ಎಂದು ಬರೆಯುತ್ತಿಲ್ಲ. ಆ ಎರಡು ದಿನಗಳು ನನ್ನವೂ ಹೌದು.

ಬಸ್ಸಿನಲ್ಲಿ ಬರುವಾಗ ಇನ್ನೊಂದು ಮಾತು ನೆನಪಾಯಿತು. ನೀನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಹೇಳುತ್ತಿದ್ದೆ: ಇಂಜಿನ್ನಿನಲ್ಲಿ ಇಬ್ಬರೂ ಸಿಗ್ನಲ್ ನೋಡಬೇಕು, ನೋಡಿ ಕೂಗಿ ಹೇಳಬೇಕು, ಒಬ್ಬ ಹಸಿರು ಎಂದರೆ ಇನ್ನೊಬ್ಬನೂ ತಾನೇ ಕಂಡು ಹಸಿರು ಎನ್ನಬೇಕು. ಹೋದ ತಿಂಗಳು ಫೋನಿನಲ್ಲಿ ನಿನ್ನ ಸಹಾಯಕ ರೇವಪ್ಪನ ಸುದ್ದಿ ಬಂದಾಗ, "ಈಗ ಅವಗ ಮೊದಲ ಹೇಳಾಕ ಬಿಟ್ಟೀನಿ, ಹುಡುಗ ಕಲೀಲಿ" ಎಂದೆ. ಎಷ್ಟು ಒಳ್ಳೆಯ ಗುರು ನನ್ನಣ್ಣ ಎಂದುಕೊಂಡಿದ್ದೆ. ಈಗ ಕೇಳುತ್ತೇನೆ, ಕೋಪಿಸಿಕೊಳ್ಳಬೇಡ. ರೇವಪ್ಪ ಹಸಿರು ಎಂದಮೇಲೆ ನೀನು ಹಸಿರು ಎನ್ನುವುದು ಕಂಡೋ, ಕೇಳಿಯೋ? ಅವನು ಒಂದು ದಿನ ತಪ್ಪು ಹೇಳಿದರೆ ನೀನೂ ಅದನ್ನೇ ಹೇಳುತ್ತೀಯಲ್ಲ?

ಮಂಗಳವಾರ ಇಲ್ಲಿಯ ಕಣ್ಣಿನ ಡಾಕ್ಟರ್ ಮೃದುಲಾ ಅವರ ಹತ್ತಿರ ಹೋದೆ. ನಿನ್ನ ಹೆಸರು ಹೇಳಲು ಹೆದರಿ, ಮಸಕು ನನಗೇ ಬಂದಿದೆ ಎಂದು ಸುಳ್ಳು ಹೇಳಿದೆ. ಗೆರೆ ಉಬ್ಬುವುದು, ನೋಡಿದ ಕಡೆಗೆಲ್ಲ ಮಸಕು ಬರುವುದು, ಎಲ್ಲವನ್ನೂ ನನ್ನದೇ ಎಂಬಂತೆ ವರ್ಣಿಸಿದೆ. ಅವರು ಔಷಧ ಹಾಕಿ, ಬೆಳಕು ಬಿಟ್ಟು, ಎರಡೂ ಕಣ್ಣು ನೋಡಿದರು. ಆಮೇಲೆ ಕುರ್ಚಿ ಹಿಂದೆ ಸರಿಸಿ, "ನಿನ್ನ ಕಣ್ಣಿಗೆ ಏನೂ ಆಗಿಲ್ಲ. ಇದು ಯಾರ ಕಣ್ಣಿನ ಮಾತು?" ಎಂದು ಮರಾಠಿಯಲ್ಲಿ ಕೇಳಿದರು. ನಾನು ಅತ್ತುಬಿಟ್ಟು, ಅಣ್ಣನದು ಎಂದೆ. ನೋಡದೆ ಏನೂ ಹೇಳಲಾಗದು, ಆದರೆ ನಿನ್ನ ವಯಸ್ಸಿನವರಲ್ಲಿ, ನಿದ್ದೆಗೆಟ್ಟು ದುಡಿಯುವವರಲ್ಲಿ, ಕಣ್ಣಿನ ಹಿಂದೆ ನೀರು ತುಂಬಿ ಹೀಗಾಗುವುದುಂಟಂತೆ. ಕೆಲವರಿಗೆ ಕೆಲವು ತಿಂಗಳಲ್ಲಿ ತಾನಾಗಿ ಇಳಿಯುತ್ತದೆ. ತಡಮಾಡಿದರೆ ಕೆಲವರಿಗೆ ಕಲೆ ಉಳಿಯುತ್ತದೆ. ಏನು ಕೆಲಸ ಮಾಡುತ್ತಾನೆ ಎಂದು ಕೇಳಿದರು. ಹೇಳಿದೆ. ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. "ಹಾಗಿದ್ದರೆ ಇವತ್ತೇ ನಿಲ್ಲಿಸಬೇಕು" ಎಂದರು. ಶನಿವಾರ ಹನ್ನೊಂದು ಗಂಟೆಗೆ ನಿನ್ನ ಹೆಸರಿನಲ್ಲಿ ಚೀಟಿ ಬರೆಸಿದ್ದೇನೆ, ಪೆಟ್ಟಿಗೆಯ ತಳದಲ್ಲಿದೆ.

ನಿನ್ನ ಭಯ ನನಗೆ ಅರ್ಥವಾಗುವುದಿಲ್ಲ ಎಂದುಕೊಳ್ಳಬೇಡ. ಕಣ್ಣು ಫೇಲಾದರೆ ಇಂಜಿನ್ನಿನಿಂದ ಇಳಿಸುತ್ತಾರೆ, ಆಫೀಸಿನಲ್ಲಿ ಕಾಗದ ಜೋಡಿಸಲು ಕೂರಿಸುತ್ತಾರೆ. ಚಿಕ್ಕವನಿದ್ದಾಗಿಂದ ನೀನು ಬಯಸಿದ್ದು ಅದೊಂದೇ ಕುರ್ಚಿ. ಅಪ್ಪ ಈಗಲೂ ತಾವು ಕೆಲಸ ಮಾಡುವ ಬ್ಯಾಂಕಿಗೆ ಬಂದವರಿಗೆಲ್ಲ, ಲೋನ್ ಕೇಳಲು ಬಂದವರಿಗೂ, "ನನ್ನ ಮಗಾ ಐವತ್ತೆಂಟು ಡಬ್ಬಿ ಎಳಿತಾನ್ರಿ" ಎನ್ನುತ್ತಾರೆ. ಮುಂದಿನ ವೈದ್ಯಕೀಯ ತಪಾಸಣೆಗೆ ಇನ್ನೂ ಒಂದು ವರ್ಷವಿದೆ, ಅಷ್ಟರಲ್ಲಿ ಹೋಗಿಬಿಡುತ್ತದೆ ಎಂದು ನೀನು ಲೆಕ್ಕ ಹಾಕಿರಬಹುದು. ಹೋಗಲೂಬಹುದು. ಆದರೆ ದೌಲತಾಬಾದಿನ ಮೋರಿಯ ಕೆಲಸ ಇನ್ನೂ ಮುಗಿದಿಲ್ಲ.

ನಾಳೆ ಶುಕ್ರವಾರ ಮಧ್ಯಾಹ್ನ ಮೂರಕ್ಕೆ ನಿನ್ನ ಡ್ಯೂಟಿ. ಬೆಳಗಿನ ಮೊದಲ ಬಸ್ಸಿಗೆ ಈ ಪಾರ್ಸೆಲ್ ಹಾಕುತ್ತೇನೆ, ಹನ್ನೊಂದರೊಳಗೆ ನಿನ್ನ ಕೈ ಸೇರುತ್ತದೆ. ಚಾಲಕರು ಸಹಿ ಹಾಕುವ ಲಾಬಿಗೆ ಹೋಗು. ಸಹಿ ಹಾಕಬೇಡ. ನನ್ನ ಕಣ್ಣು ಸರಿಯಾಗಿ ಕಾಣುತ್ತಿಲ್ಲ ಎಂದು ನೀನೇ ಹೇಳು. ನೀನಾಗಿ ಹೇಳಿದರೆ ಅದು ಕಾಯಿಲೆ. ಬೇರೆಯವರು ಕಂಡುಹಿಡಿದರೆ ಅದಕ್ಕೆ ಬೇರೆ ಹೆಸರಿದೆ. ನಾನಂತೂ ಯಾರಿಗೂ ಹೇಳುವುದಿಲ್ಲ. ಅಪ್ಪ, ಅವ್ವನಿಗೂ ಹೇಳಿಲ್ಲ. ಇದು ನಿನ್ನ ಬಾಯಿಂದಲೇ ಬರಲಿ.

ಕಾರ್ಡ್ ಯಾವುದೆಂದು ನಾನು ಆರಿಸಿದ್ದೇನೆ. ಆ ಚಿಕ್ಕದೇ ಸಾಕು. ನಿನ್ನ ಯಂತ್ರಕ್ಕೆ ಬೇರೇನೂ ಆಗಿಲ್ಲ. ಅತುಲ್ ಒಂದನ್ನು ನಿನ್ನ ಹೆಸರಿನಲ್ಲಿ ತೆಗೆದಿಟ್ಟಿದ್ದಾನೆ. ಡಾಕ್ಟರು ನೋಡಿದ ಮೇಲೆ ಇಬ್ಬರೂ ಹೋಗಿ ತರೋಣ.

ನಿನ್ನ ಸಿಟ್ಟಿಗೂ ನಿನಗೂ ತಂಗಿಯಾದ,
ಮೈತ್ರೇಯಿ

ತಾ.ಕ.: ಇವತ್ತು ಶುಕ್ರವಾರ. ಪೆಟ್ಟಿಗೆಯನ್ನು ಕಂಡಕ್ಟರ್ ಕೈಗೆ ಕೊಡಲು ಹೋದವಳು, ಬೋರ್ಡಿನಲ್ಲಿ ಔರಂಗಾಬಾದ್ ಎಂದಿದ್ದರೂ ಅವನು ಸಂಭಾಜಿನಗರ ಎಂದೇ ಕೂಗುತ್ತಿದ್ದ ಆ ಬಸ್ಸನ್ನು ನಾನೇ ಹತ್ತಿಬಿಟ್ಟೆ. ಈ ಸಾಲುಗಳನ್ನು ನಿಮ್ಮ ಊರಿನ ಬಸ್ ಸ್ಟ್ಯಾಂಡಿನಲ್ಲಿ ಕೂತು ಬರೆಯುತ್ತಿದ್ದೇನೆ. ಪೆಟ್ಟಿಗೆಯನ್ನು ನಿನ್ನ ಬಾಗಿಲ ಮುಂದಿಟ್ಟು, ಬೆಲ್ ಒತ್ತಿ, ನೀನು ಚಿಲಕ ತೆಗೆಯುವ ಮೊದಲೇ ಮೆಟ್ಟಿಲಿಳಿದುಬಿಡುತ್ತೇನೆ. ನಿನ್ನ ಮುಖ ನೋಡಿದರೆ ನನಗೆ ಧೈರ್ಯ ಉಳಿಯುವುದಿಲ್ಲ. ಯಾರಿಗೂ ಹೇಳುವುದಿಲ್ಲ ಎಂದು ಮೇಲೆ ಬರೆದದ್ದು ನಿನ್ನೆಯ ಮಾತು. ನನ್ನ ಚೀಲದಲ್ಲಿ ನಿನ್ನ ಮೇಲಧಿಕಾರಿಗೆ ಬರೆದ ಆರು ಸಾಲಿನ ಅರ್ಜಿ ಇದೆ. ಲಾಬಿಯ ಹೊರಗಿನ ಬೆಂಚಿನಲ್ಲಿ ಕೂತಿರುತ್ತೇನೆ. ಎರಡೂವರೆಯೊಳಗೆ ನೀನೇ ಬಂದು ಹೇಳಿದರೆ ಅರ್ಜಿಯನ್ನು ನಿನ್ನ ಕೈಗೇ ಕೊಡುತ್ತೇನೆ, ಹರಿದುಹಾಕು. ಬಾರದಿದ್ದರೆ ಒಳಗೆ ಹೋಗುತ್ತೇನೆ. ಅಷ್ಟು ಜನರ ಮುಂದೆ ನನಗೆ ಬಾಯಿ ಬರಲಿಕ್ಕಿಲ್ಲ. ಅರ್ಜಿ ಕೊಡಲು ಬಾಯಿ ಬೇಕಾಗಿಲ್ಲ.