ಗದ್ದಲ ತಾಳಲಾರದವರ ಬೆಟ್ಟದ ಪ್ರವಾಸ

ರೀ,

ವ್ಯಾನ್ ತೊಳೀಬೇಕು ಅಂತ ನಾನು ಮುಂಚೆನೇ ಹೊರಟೆ. ಇವತ್ತು ನಿಮ್ಮ ಜೊತೆ ಬೆಟ್ಟಕ್ಕೆ ಬರೋ ಪ್ರವಾಸಿಗಳಿಗೆ ಗದ್ದಲ, ಘಾಟು ಆಗಲ್ಲ ಅಂದಿರಲ್ಲ, ವ್ಯಾನಿನ ಸೆಂಟಿನ ಡಬ್ಬಿ ಕಿತ್ತುಹಾಕಿದ್ದೀನಿ. ದಾರಿಯಲ್ಲಿ ಹಾಡು ಹಾಕಲ್ಲ, ಹಾರ್ನ್ ಮುಟ್ಟಲ್ಲ.

ಸದ್ದು ತಡೆಯೋ ಹೆಡ್‌ಫೋನುಗಳ ಚೀಲ ಬಾಗಿಲ ಹತ್ತಿರವೇ ಇದೆ. ಮರೆತು ಬಂದು ನನ್ನ ಮೇಲೆ ಹಾರಾಡಬೇಡಿ.

ಮಗಳೂ ನಿಮ್ಮ ಜೊತೆ ಬರ್ತಾಳಂತೆ! ನೀವು ಗೋಡೆಗೆ ಅಂಟಿಸಿದ ದಾರಿಯ ಫೋಟೋಗಳನ್ನೆಲ್ಲ ನಿನ್ನೆ ಒಂದೊಂದಾಗಿ ನೋಡಿ, "ಸಾಕಾದರೆ ಈ ಬಂಡೆ ಹತ್ತಿರ ಸುಮ್ಮನೆ ಕೂತ್ಕೋಬಹುದಾ?" ಅಂದಳು. "ಎಷ್ಟು ಹೊತ್ತು ಬೇಕಾದರೂ" ಅಂದೆ. ತಾನೇ ಹೋಗಿ ಬೂಟು ತಂದಿಟ್ಟುಕೊಂಡಳು.

ಬಸ್ ಸದ್ದಿಗೇ ಕಿವಿ ಮುಚ್ಚಿಕೊಂಡು ಓಡ್ತಿದ್ದ ಹುಡುಗಿ ರೀ. ಊರಿಗೆಲ್ಲ ಬೆಟ್ಟ ತೋರಿಸಿದವರು ನೀವು, ಇವತ್ತು ಅವಳಿಗೂ ತೋರಿಸ್ತೀರಿ. ನನಗಂತೂ ನೆಲದ ಮೇಲೆ ಕಾಲೇ ನಿಲ್ತಿಲ್ಲ.

ನೀವಾಗಿ ಅವಳ ಕೈ ಹಿಡಿಯೋಕೆ ಹೋಗಬೇಡಿ. ಅವಳೇ ಹಿಡಿದರೆ ಬಿಡಬೇಡಿ.