ಹಿಮ್ಮಡಿ ತಿರುಗದ ಕಾಲುಚೀಲ

ಅತ್ತೆಯವರ ಪಾದಗಳಿಗೆ ನಿಮ್ಮ ಸೊಸೆ ಜಯಮ್ಮನ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ಇದನ್ನು ನಿಮ್ಮ ಮೇಲಿನ ಕೋಪದಲ್ಲೇ ಬರೆಯುತ್ತಿದ್ದೇನೆ. ನೀವು ಹೋದಾಗ ಅತ್ತಿದ್ದೇನೆ, ಹಬ್ಬಕ್ಕೆ ಎಡೆ ಇಟ್ಟಿದ್ದೇನೆ. ಆದರೆ ನಿಮ್ಮ ಜೊತೆ ಜಗಳ ಆಡಿರಲಿಲ್ಲ. ಈಗ ಆಡದೆ ಗತಿಯಿಲ್ಲ. ಕಾಲುಚೀಲಕ್ಕೆ ಹಿಮ್ಮಡಿ ಹೇಗೆ ತಿರುಗಿಸುವುದು ಅಂತ ಒಂದು ದಿನವಾದರೂ ತೋರಿಸಿಕೊಡದೆ ಹೊರಟೇಬಿಟ್ಟಿರಲ್ಲ, ಇದು ನ್ಯಾಯವೇ?

ಜಗುಲಿಯ ಕಂಬಕ್ಕೆ ಒರಗಿ ನೀವು ಉಲ್ಲನ್ ಹೆಣೆಯುತ್ತಾ ಕೂರುತ್ತಿದ್ದುದು ಕಣ್ಣಿಗೆ ಕಟ್ಟಿದಂತಿದೆ. ಯಾವುದೋ ಕಾಲದಲ್ಲಿ ಸ್ಕೂಲ್ ಮೇಷ್ಟ್ರ ಹೆಂಡತಿಯಿಂದ ಕಲಿತ ವಿದ್ಯೆ ಅಂತ ಹೇಳುತ್ತಿದ್ದಿರಿ. ಊರಲ್ಲಿ ಹುಟ್ಟಿದ ಮಗುವಿಗೆಲ್ಲ ನಿಮ್ಮದೇ ಟೋಪಿ. ಕಡ್ಡಿಯ ಕಡೆ ನೀವು ನೋಡುತ್ತಲೇ ಇರಲಿಲ್ಲ. ಬಾಯಿ ಬೀದಿಯಲ್ಲಿ ಹೋಗುವವರ ಜೊತೆ, ಕೈ ಅದರ ಪಾಡಿಗೆ ಅದು. ಪಕ್ಕದಲ್ಲಿ ನಾನು ದೇವರಿಗೆ ಸೇವಂತಿಗೆ ಕಟ್ಟುತ್ತಾ ಕೂತಿರುತ್ತಿದ್ದೆ. ನನಗೂ ಹೇಳಿಕೊಡಿ ಅಂತ ಕೇಳಿದ್ದಕ್ಕೆ ಏನಂದಿರಿ? “ನಿಂದು ಹೂ ಕಟ್ಟೋ ಕೈ ಕಣೇ ಜಯಾ. ಇದೆಲ್ಲ ನಿಂಗ್ಯಾಕೆ, ಪೋನೀಲೇ” ಅಂದಿರಿ, ಹೋಗಲಿ ಬಿಡು ಅಂತ. ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯಿತು ಅಂದರೆ ಮಾತು ಮುಗಿಯಿತು ಅಂತಲೇ ಅರ್ಥ. ನಾನೂ ಹೂ ಕಟ್ಟುವುದನ್ನು ಮುಂದುವರಿಸಿದೆ. ನನ್ನ ಕೈಯನ್ನು ಹೊಗಳಿದಿರಿ ಅಂದುಕೊಂಡಿದ್ದೆ.

ಹೋದ ಬೇಸಿಗೆಯಲ್ಲಿ ಒಂದು ಶನಿವಾರ ನಿಮ್ಮ ಮಗ ದೇವಸ್ಥಾನದಿಂದ ಬಂದು ಮಂಚದ ಮೇಲೆ ಕಾಲು ಚಾಚಿದರು. ನೋಡಿದರೆ ಅಂಗಾಲಿನ ತುಂಬಾ ಬೊಬ್ಬೆ. “ಇದೇನ್ರೀ ಇದು!” ಅಂದರೆ, “ಯಾವುದು?” ಅಂತ ನನ್ನನ್ನೇ ಕೇಳುತ್ತಾರೆ! ಸಕ್ಕರೆ ಕಾಯಿಲೆ ಅವರ ಪಾದದ ಸ್ಪರ್ಶವನ್ನೇ ತಿಂದುಹಾಕಿದೆ ಅತ್ತೆ. ಕಾದ ಹಾಸುಗಲ್ಲಿನ ಮೇಲೆ ಪ್ರದಕ್ಷಿಣೆ ಹಾಕಿ ಬಂದಿದ್ದಾರೆ, ಸುಟ್ಟಿದ್ದು ಗೊತ್ತೇ ಆಗಿಲ್ಲ. ಆ ಗಾಯ ಮಾಯುವ ಹೊತ್ತಿಗೆ ಗೌರಿಹಬ್ಬ ಬಂತು. ಚಿಕ್ಕಬಳ್ಳಾಪುರದ ಡಾಕ್ಟರು ನನಗೆ ಬೈದರು: “ಇನ್ಮೇಲೆ ಬರಿಗಾಲಲ್ಲಿ ಒಂದು ಹೆಜ್ಜೆ ಇಡಿಸ್ಬೇಡಮ್ಮ. ಇನ್ನೊಂದು ಸಲ ಹೀಗಾದ್ರೆ ಬೆರಳು ತೆಗೀಬೇಕಾಗುತ್ತೆ.”

ಆಮೇಲಿನ ಶನಿವಾರಗಳನ್ನು ನೀವು ನೋಡಬಾರದಿತ್ತು. ನೋಡಲೂ ಇಲ್ಲ, ಅದೇ ಪುಣ್ಯ. ವೆಂಕಟರಮಣನ ಬಾಗಿಲಲ್ಲಿ ಬೆಳೆದ ನಿಮ್ಮ ಮಗ, ಚಪ್ಪಲಿ ಹಾಕಿಕೊಂಡು ಹೊರಗೆ ಅಶ್ವತ್ಥಕಟ್ಟೆಯ ಮೇಲೆ ಕೂರುತ್ತಿದ್ದರು. ನಾನು ಒಳಗೆ ಹೋಗಿ ತೀರ್ಥ ತಂದು ಕೈಗೆ ಹಾಕುತ್ತಿದ್ದೆ. “ಮೆಟ್ಟು ಹಾಕ್ಕೊಂಡು ದೇವರಿಗೆ ಕೈ ಮುಗಿಯೋ ಹಂಗಾಯ್ತಲ್ಲೇ” ಅಂದರು ಒಂದು ದಿನ. ಮಾರನೆಯ ವಾರ, ಬರುವುದೇ ಇಲ್ಲ ಅಂದುಬಿಟ್ಟರು. ದೇವಸ್ಥಾನ ಬಿಟ್ಟ ಮನುಷ್ಯ ಊಟದಲ್ಲೂ ರುಚಿ ಬಿಟ್ಟರು, ಮಾತೂ ಬಿಟ್ಟರು. ನನಗೆ ಬೊಬ್ಬೆಗಿಂತ ಅದರದ್ದೇ ಭಯ ಹೆಚ್ಚಾಯಿತು.

ಅರ್ಚಕರನ್ನು ಕೇಳಲು ನಾಚಿಕೆಪಟ್ಟುಕೊಂಡೇ ಹೋದೆ. “ಸ್ವಾಮಿ, ಕಾಲುಚೀಲ ಹಾಕ್ಕೊಂಡು ಒಳಗೆ ಬರಬಹುದಾ?” ಅಂದೆ. “ಅಂಗಡಿ ಬಟ್ಟೇದು ಬೇಡಮ್ಮ. ಕುರಿ ಉಣ್ಣೇದಾದ್ರೆ ಅಡ್ಡಿಯಿಲ್ಲ. ಉಣ್ಣೆಗೆ ಮೈಲಿಗೆ ಇಲ್ಲ, ಕಂಬಳಿ ಮೇಲೆ ಕೂತು ನಾವೇ ಜಪ ಮಾಡಲ್ವಾ? ಒಗೆದು ಇಟ್ಕೊಂಡು, ಇಲ್ಲಿಗೆ ಮಾತ್ರ ಹಾಕ್ಸಿ” ಅಂದರು. ನನಗೆ ಆಗ ಎಷ್ಟು ಸಂತೋಷ ಆಯಿತು ಅಂತೀರಿ! ಉಣ್ಣೆ ತಾನೆ, ನಾನೇ ಹೆಣೆದರಾಯಿತು ಅಂದುಕೊಂಡೆ. ಐವತ್ತು ವರ್ಷಕ್ಕೆ ಬಂದ ಬುದ್ಧಿ ನೋಡಿ.

ಗೌರಿಬಿದನೂರಿನ ಅಂಗಡಿಯಲ್ಲಿ ಚಂದದ ಕಂದು ಬಣ್ಣದ ಉಂಡೆ ತೆಗೆದುಕೊಂಡು ಕಣ್ಣಿಗೊತ್ತಿಕೊಂಡೆ. ಮನೆಗೆ ಬಂದು, ರೇಷ್ಮೆ ಅಸಲೋ ನಕಲಿಯೋ ಅಂತ ನಾವು ನೋಡುವ ಹಾಗೆ, ಎಳೆಯ ತುದಿಗೆ ಬೆಂಕಿಕಡ್ಡಿ ಗೀರಿ ಹಿಡಿದೆ. ಕೂದಲು ಸುಟ್ಟ ವಾಸನೆ ಬರಬೇಕಿತ್ತು. ಬರಲಿಲ್ಲ. ಕರಗಿ ಗುಂಡಗೆ ಮಣಿಯಾಯಿತು. ವಾಪಸ್ ಹೋಗಿ ಕೇಳಿದರೆ ಅಂಗಡಿಯವನು ನಗುತ್ತಾನೆ: “ಅಮ್ಮ, ಇದು ಕುರಿ ಮುಖಾನೇ ನೋಡಿಲ್ಲ. ಉಲ್ಲನ್ ಅಂತ ಹೆಸರು, ಅಷ್ಟೇ.” ಆಗಲಿ, ಕೈ ಪಳಗಲಿಕ್ಕಾದರೂ ಆಗುತ್ತದೆ ಅಂತ ಅದನ್ನೇ ಹಿಡಿದು ಕೂತೆ.

ಮೊದಲ ಕಾಲುಚೀಲ ನೆನಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಎರಡೂ ತುದಿ ಚೂಪಾದ ಕಡ್ಡಿಗಳು, ಒಂದನ್ನು ಹಿಡಿದರೆ ಇನ್ನೊಂದು ಜಾರುತ್ತದೆ. ಮುಳ್ಳುಹಂದಿಯನ್ನು ಮಡಿಲಲ್ಲಿ ಇಟ್ಟುಕೊಂಡ ಹಾಗೆ. ಫೋನಿನಲ್ಲಿ ಒಬ್ಬಾಕೆ ಹಿಂದಿಯಲ್ಲಿ ಹೇಳಿಕೊಡುತ್ತಾಳೆ, ನಾನು ಒಂದು ಕುಣಿಕೆ ಎತ್ತುವುದರೊಳಗೆ ಅವಳದು ಒಂದು ಸಾಲು ಮುಗಿದಿರುತ್ತದೆ. ಹೇಗೋ ಒಂದು ಗೇಣು ಹೆಣೆದು ನಿಮ್ಮ ಮಗನ ಕಾಲಿಗೆ ಏರಿಸಲು ಹೋದರೆ, ಬೆರಳೇ ತೂರಲಿಲ್ಲ. “ಇದು ಕಾಲಿಗೋ ಒನಕೆಗೋ?” ಅಂತ ಕೇಳಿದರು. ಎಷ್ಟು ದಿನದ ಮೇಲೆ ತಮಾಷೆ ಮಾಡಿದರು, ನನಗೆ ನಗುವುದಕ್ಕೂ ಆಗಲಿಲ್ಲ. ಬಿಚ್ಚಿದೆ. ಮತ್ತೆ ಹೆಣೆದೆ, ಮತ್ತೂ ಬಿಗಿ. ಕಡ್ಡಿ ಒಳಗೆ ಹೋಗುವುದಿಲ್ಲ, ಹೋದರೆ ಹೊರಗೆ ಬರುವುದಿಲ್ಲ.

ಒಂದು ಸಂಜೆ ದೇವರಿಗೆ ಹೂ ಕಟ್ಟುತ್ತಿರುವಾಗ ಕಾರಣ ಗೊತ್ತಾಯಿತು. ನಾಲ್ಕು ಹೂ ಇಟ್ಟು, ದಾರ ಸುತ್ತಿ, ಗಂಟಿಗೆ ಜಗ್ಗನೆ ಎಳೆಯುತ್ತೇನೆ. ಎಳೆಯದಿದ್ದರೆ ಹೂ ಉದುರುತ್ತದೆ. ಏಳು ವರ್ಷದ ಹುಡುಗಿಯಾಗಿದ್ದಾಗಿನಿಂದ ಎಳೆದ ಕೈ ಇದು. ಉಣ್ಣೆಯ ಕುಣಿಕೆಯನ್ನೂ ಹಾಗೇ ಎಳೆಯುತ್ತಿದ್ದೇನೆ! ನಿಮಗೆ ಇದು ಆಗಲೇ ಕಂಡಿತ್ತು ಅಲ್ಲವೇ? ಕಂಡಿದ್ದರೆ, ಸಡಿಲ ಬಿಡೇ ಅಂತ ಒಂದು ಮಾತು ಹೇಳಿದ್ದರೆ ಏನು ಹೋಗುತ್ತಿತ್ತು? ಬಿಗಿಯಾದ ಕಾಲುಚೀಲ ಆ ಕಾಲಿಗೆ ವಿಷ. ಸಡಿಲ ಬಿಡಬೇಕು ಅಂತ ಗೊತ್ತು, ಕೈ ಕೇಳುವುದಿಲ್ಲ. ನನ್ನ ಕೈಗೆ ನಾನೇ ಒಂದು ಏಟು ಕೊಟ್ಟುಕೊಂಡಿದ್ದೂ ಇದೆ.

ಈಗ ಕಷ್ಟದ ಮಾತಿಗೆ ಬರುತ್ತೇನೆ. ಮಾವನವರಿಗೆ ನೀವು ಹೆಣೆದ ಬೂದು ಬಣ್ಣದ ಸ್ವೆಟರ್ ನೆನಪಿದೆಯಲ್ಲ, ಅವರು ಹೋದಮೇಲೂ ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ ಮತ್ತೆ ಟ್ರಂಕಿನಲ್ಲಿ ಮಡಿಸಿಡುತ್ತಿದ್ದಿರಿ. ಅದರ ಒಳಅಂಚಿನಿಂದ ಒಂದು ಚೂರು ಎಳೆ ತೆಗೆದು ಸುಟ್ಟು ನೋಡಿದೆ. ಕೂದಲು ಸುಟ್ಟ ವಾಸನೆ. ಅಸಲು ಉಣ್ಣೆ. ಚಿಂತಾಮಣಿಗೆ ಫೋನ್ ಮಾಡಿ ನಿಮ್ಮ ಮಗಳು ರತ್ನಳಿಗೆ, ಇದನ್ನು ಬಿಚ್ಚಿ ಹೆಣೆಯುತ್ತೇನೆ ಅಂತ ಹೇಳಿದೆ. “ಏನತ್ತಿಗೆ, ಅಮ್ಮನ ಕೈಯಿಂದಾಗಿರೋದು ಉಳಿದಿರೋದೇ ಅದೊಂದು. ಅದ್ನೂ ಬಿಚ್ಚಿ ಹಾಕ್ತೀಯಾ?” ಅಂತ ಅತ್ತಳು. “ನಿಮ್ಮಣ್ಣನ ಕಾಲಿಗೆ ಕಣೇ” ಅಂದೆ. ಕೊನೆಗೆ, “ಒಂದು ತೋಳಾದ್ರೂ ಬಿಡು” ಅಂದಳು. ಬಿಟ್ಟಿದ್ದೇನೆ. ಎಡತೋಳು ಟ್ರಂಕಿನಲ್ಲೇ ಇದೆ.

ದೇವರ ಮುಂದೆ ದೀಪ ಹಚ್ಚಿ, ನಿಮ್ಮ ಹೆಸರು ಹೇಳಿ ಬಿಚ್ಚಲು ಕೂತೆ. ಎಳೆ ಸಿಕ್ಕಿಕೊಳ್ಳುತ್ತದೆ, ಕತ್ತರಿ ಬೇಕಾಗುತ್ತದೆ ಅಂದುಕೊಂಡಿದ್ದೆ. ಎಲ್ಲಿಯ ಸಿಕ್ಕು! ತುದಿ ಹಿಡಿದು ಎಳೆದರೆ ಸಾಲಿಗೆ ಸಾಲು ತಾನಾಗಿಯೇ ಬಿಟ್ಟುಕೊಡುತ್ತಾ ಬಂತು. ಒಂದು ಕುಣಿಕೆಯೂ ಇನ್ನೊಂದನ್ನು ಹಿಸುಕಿರಲಿಲ್ಲ. ಅಷ್ಟು ಸಡಿಲವಾಗಿದ್ದೂ ಇಷ್ಟು ವರ್ಷ ಒಂದು ಕಡೆಯೂ ಬಿಚ್ಚಿಕೊಂಡಿರಲಿಲ್ಲ. ಮಾತು ಮಾತಿಗೂ ರೇಗುತ್ತಿದ್ದ ನಿಮ್ಮ ಕೈ ಇಷ್ಟು ಮೆತ್ತಗಿತ್ತೇ ಅತ್ತೆ? ಬಿಚ್ಚುತ್ತಾ ಬಿಚ್ಚುತ್ತಾ ನನ್ನ ಬೆರಳಿಗೆ ಏನೋ ತಿಳಿದ ಹಾಗಾಯಿತು. ಬಾಯಲ್ಲಿ ಹೇಳಲು ನನಗೂ ಬರುವುದಿಲ್ಲ. ನಿಮಗೂ ಹಾಗೇ ಇತ್ತೇನೋ, ಅದಕ್ಕೇ ನೀವು…

ಅಲ್ಲಿಗೆ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಸುಕ್ಕುಗಟ್ಟಿದ ಎಳೆಯನ್ನು ತೊಳೆದು, ಭಾರ ಕಟ್ಟಿ ಒಣಗಿಸಿ ಹೆಣೆಯುತ್ತಾ ಬಂದೆ. ಹಿಮ್ಮಡಿಯ ಹತ್ತಿರ ಮತ್ತೆ ನಿಂತೆ. ಅರ್ಧ ಕುಣಿಕೆಗಳನ್ನು ಹಾಗೇ ಕಡ್ಡಿಯ ಮೇಲೆ ಬಿಟ್ಟು ಇನ್ನರ್ಧವನ್ನು ಮಾತ್ರ ಹೋಗಿ ಬಂದು ಹೆಣೆಯಬೇಕು, ನಡುವೆ ತಿರುಗಿಸಬೇಕು, ಅಂಚಿನಿಂದ ಹೊಸ ಕುಣಿಕೆ ಎತ್ತಬೇಕು. ಒಂದು ಸಲ ತೂತು ಬಿತ್ತು. ಇನ್ನೊಂದು ಸಲ ಹಿಮ್ಮಡಿ ಪಾದದ ಮೇಲ್ಭಾಗಕ್ಕೆ ಬಂದು ಕೂತಿತು. ಕಡ್ಡಿ ಬಿಸಾಡಿ, “ನನಗೆ ಬೇಡ, ವೆಂಕಟರಮಣ, ನೀನೇ ಹೊರಗೆ ಬಂದು ಇವರನ್ನ ನೋಡ್ಕೊಂಡು ಹೋಗು” ಅಂದುಬಿಟ್ಟೆ. ಆಮೇಲೆ ಕೆನ್ನೆ ಕೆನ್ನೆ ಹೊಡೆದುಕೊಂಡು ಕಡ್ಡಿ ಹುಡುಕಿದೆ. ಹಿಂದಿಯಾಕೆಯ ದನಿ ಪೂರಾ ಇಳಿಸಿ, ಬರೀ ಕೈ ನೋಡುತ್ತಾ ಕೂತ ದಿನ ಒಂದು ಹಿಮ್ಮಡಿ ತಿರುಗಿತು. ಬಲಗಾಲಿನದು ಇನ್ನೂ ಸೊಟ್ಟ. ಒತ್ತುವುದಿಲ್ಲ, ನೋಡಲಿಕ್ಕೆ ಮಾತ್ರ ಹೀನಾಯ.

ಮೊನ್ನೆ ಶನಿವಾರ ದೇವಸ್ಥಾನದ ಹೊರಬಾಗಿಲ ಹತ್ತಿರ ನಿಮ್ಮ ಮಗನ ಚಪ್ಪಲಿ ಬಿಚ್ಚಿಸಿ ಕಾಲುಚೀಲ ಏರಿಸಿದೆ. ಬಿಸಿಲು ಏರಿತ್ತು. “ಕಲ್ಲು ಕಾದಿದೆಯಾ?” ಅಂತ ಕೇಳಿದರು. “ಕಾದಿದೆ” ಅಂದೆ, ನನ್ನ ಅಂಗಾಲು ಚುರುಗುಟ್ಟುತ್ತಿತ್ತು. “ನೀನು ನೆರಳಲ್ಲಿರು ಹಂಗಾದ್ರೆ.” “ನೀವು ನಡೀರಿ ಸುಮ್ನೆ” ಅಂದೆ. ಪಕ್ಕದಲ್ಲೇ ನನ್ನ ಭುಜ ಹಿಡಿದು ಗೋವಿಂದ ಗೋವಿಂದ ಅನ್ನುತ್ತಾ ಸುತ್ತು ಹಾಕಿದರು. ದೇವರು ತಪ್ಪು ತಿಳಿಯಬಾರದು, ನಾನು ಅವನ ಕಡೆ ನೋಡಲೇ ಇಲ್ಲ, ಆ ಎರಡು ಹಿಮ್ಮಡಿಗಳನ್ನೇ ನೋಡುತ್ತಾ ನಡೆದೆ. ಮುಗಿದಮೇಲೆ ಕಟ್ಟೆಯ ಮೇಲೆ ಕೂರಿಸಿ ಕಾಲುಚೀಲ ಕಳಚಿದೆ, ಕನ್ನಡಕ ಹಾಕಿಕೊಂಡು ಅಂಗಾಲು ನೋಡಿದೆ, ಬೆರಳಿನ ಸಂದು ಬಿಡಿಸಿ ನೋಡಿದೆ.

“ಏನಿದೆ?” ಅಂದರು.

“ಏನೂ ಇಲ್ಲ” ಅಂದೆ.

ಏನೂ ಇರಲಿಲ್ಲ ಅತ್ತೆ. ನಿಮಗೆ ಹೇಳಬೇಕೆಂದಿದ್ದ ಸುದ್ದಿ ಅಷ್ಟೇ. ಸೊಟ್ಟಗಿರುವುದನ್ನು ನಾಳೆ ಬಿಚ್ಚಿ ಮತ್ತೆ ಹೆಣೆಯುತ್ತೇನೆ. ನಿಮ್ಮನ್ನು ಬೈದುಕೊಂಡೇ ಹೆಣೆಯುತ್ತೇನೆ, ಕೇಳಿಸಿಕೊಳ್ಳಿ.

ನಿಮ್ಮ ಸೊಸೆ,
ಜಯಾ